ನಲವತ್ತು ಹೆಜ್ಜೆ

ಅಬ್ಬಾ ತೀರಿಕೊಂಡು ಮೂರು ತಿಂಗಳು ತುಂಬಿರಲಿಲ್ಲ. 2023ರ ಏಪ್ರಿಲ್ ಮೊದಲ ವಾರ ಅವರ ಹೆಸರಿಗೊಂದು ನೋಟೀಸು ಬಂತು. ವಿಧಾನಸಭೆಗೆ ಚುನಾವಣೆ ಘೋಷಣೆಯಾಗಿರುವುದರಿಂದ ತಮ್ಮ ಬಳಿಯಿರುವ ಲೈಸೆನ್ಸ್ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯತಕ್ಕದ್ದು ಎಂಬ ಒಕ್ಕಣೆ. ಪ್ರತಿ ಚುನಾವಣೆಗೂ ಬರುವ ಕಾಗದವೇ. ಅಬ್ಬಾ ಇದ್ದಾಗ ಅದು ಬಂದ ಮರುದಿನವೇ ಬಂದೂಕನ್ನು ಮೂರು ಭಾಗ ಮಾಡಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟುಕೊಂಡು ಹೋಗಿಬರುತ್ತಿದ್ದರು. ಓಟು ಮುಗಿದ ಮೇಲೆ ಹಾಗೆಯೇ ವಾಪಸು ತರುತ್ತಿದ್ದರು. ನಾವು ಮಾತ್ರ ಅದನ್ನು ಮರೆತೇಬಿಟ್ಟಿದ್ದೆವು. ಲೈಸೆನ್ಸುದಾರ ಸತ್ತರೆ ವಾರಸುದಾರರು ತಡಮಾಡದೆ ಆಯುಧವನ್ನು ಠಾಣೆಗೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕೆಂದು ಕಾಯಿದೆ ಹೇಳುತ್ತದೆ ಎಂಬುದೂ ಆಮೇಲೆ ಗೊತ್ತಾದದ್ದು.

(ಒಬ್ಬರೇ ಇದ್ದುಕೊಂಡು ‘ನಾವು’ ಎಂದು ಬರೆಯುವುದಕ್ಕೆ ಸ್ನೇಹಿತರು ನಗುತ್ತಾರೆ. ಮನೆಯಲ್ಲಿ ‘ಹಮೇ’ ಎನ್ನುತ್ತಾ ಬೆಳೆದವರು ನಾವು. ಕನ್ನಡಕ್ಕೆ ಬಂದರೂ ಆ ಚಾಳಿ ಬಿಟ್ಟಿಲ್ಲ.)

ಆರ್.ಟಿ. ನಗರದ ನಮ್ಮ ಮನೆಯ ಕಬ್ಬಿಣದ ಬೀರುವಿನ ತಳದಿಂದ ಅಮ್ಮೀ ಅದನ್ನು ಎತ್ತಿಕೊಟ್ಟರು. ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ. ಜೊತೆಗೊಂದು ಬಿಸ್ಕತ್ತಿನ ಡಬ್ಬ, ಅದರಲ್ಲಿ ಹನ್ನೊಂದು ತೋಟಾ. ಡಬ್ಬದ ಪಕ್ಕದಲ್ಲಿ, ಚರ್ಮದ ಒರೆಯೊಳಗೆ, ಮರದ ಹಿಡಿಯ ಒಂದು ಚಾಕು. ಬಂದೂಕಿನ ಜೊತೆ ಚಾಕು ಯಾಕೆ ಎಂದು ನಮ್ಮ ಮಗ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಬಂದೂಕು ನಮ್ಮ ದಾದಾರದು. ಹನ್ನೆರಡು ಬೋರಿನ ಜೋಡುನಳಿಗೆ. ಯಲಹಂಕದಾಚೆ ಅವರಿಗೆ ದ್ರಾಕ್ಷಿ ತೋಟವಿತ್ತು. ಹಗಲು ಹಕ್ಕಿ, ರಾತ್ರಿ ಬಾವಲಿ ಮತ್ತು ನರಿ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಸಿಕ್ಕಿತ್ತು. ಹನ್ನೆರಡು ಬೋರು ಎಂದರೆ ಹನ್ನೆರಡು ಗುಂಡು ಹಾರಿಸುವುದು ಎಂದು ಚಿಕ್ಕಂದಿನಲ್ಲಿ ತಿಳಿದಿದ್ದೆವು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆ ಮಾಡಿದರೆ ಆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ ಎಂಬುದು ಅದರ ಅರ್ಥ. ಸುಮಾರು ಹದಿನೆಂಟೂವರೆ ಮಿಲಿಮೀಟರ್.

ಇಂಥ ಬಂದೂಕಿನಲ್ಲಿ ಗುರಿಗಿಂತ ಮೊದಲು ತೋಟಾದ ಪ್ರಶ್ನೆ. ಹಕ್ಕಿಗೆ ಆರನೇ ನಂಬರು, ಅದರಲ್ಲಿ ಸಾಸಿವೆಗಿಂತ ತುಸು ದಪ್ಪದ ಛರ್ರಾ, ಔನ್ಸಿಗೆ 270. ಜಿಂಕೆಗೆ ಎಲ್‌ಜಿ, ಅದು ಔನ್ಸಿಗೆ ಆರೇ. ಒಂದು ತೋಟಾದಲ್ಲಿ ಏಳೆಂಟು ಇರಬಹುದು. ಇನ್ನೊಂದು ಬಾಲ್ ತೋಟಾ, ಒಳಗೆ ಒಂದೇ ಗುಂಡು. ಹಂದಿಗೆಂದು ಇಟ್ಟುಕೊಳ್ಳುತ್ತಿದ್ದದ್ದು ಅದು. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಬಲದ ನಳಿಗೆಗಿಂತ ಎಡದ ನಳಿಗೆಯ ಬಾಯಿ ಸ್ವಲ್ಪ ಬಿಗಿ. ಮೊದಲ ಈಡು ಹತ್ತಿರದಲ್ಲಿ, ಎರಡನೆಯದು ಓಡಿಹೋಗುತ್ತಿರುವುದಕ್ಕೆ ಎಂಬ ಲೆಕ್ಕ. ಬಿಗಿ ನಳಿಗೆಯಲ್ಲಿ ಬಾಲ್ ಹಾಕಬೇಡ ಎಂದು ದಾದಾ ಅಬ್ಬಾಗೆ ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ. ನಳಿಗೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ.

ಎಲ್‌ಜಿ ಹೆಸರು ಕೇಳಿದರೆ ಭಯವಾಗುತ್ತದಲ್ಲ, ದೂರ ಹೋದಂತೆ ಅದರಷ್ಟು ನಂಬಿಕೆಗೆಟ್ಟದ್ದು ಬೇರೊಂದಿಲ್ಲ. ಸಾದಾ ನಳಿಗೆಯಿಂದ ಹೊರಟ ಛರ್ರಾ ನಲವತ್ತು ಗಜಕ್ಕೆ ನಾಲ್ಕು ಅಡಿಗೂ ಮಿಕ್ಕಿ ಹರಡಿಕೊಳ್ಳುತ್ತದೆ. ಆ ಅಗಲದಲ್ಲಿ ಏಳೆಂಟು ಗುಂಡು ಎಂದರೆ ಜಿಂಕೆಗೆ ಬೀಳುವುದು ಎರಡೋ ಮೂರೋ. ಅರವತ್ತು ಗಜಕ್ಕೆ ಒಂದು ಬಿದ್ದರೆ ಬಿತ್ತು, ಅದೂ ಎಲ್ಲಿಗೋ. ಮುಂಗಾಲಿನ ಹಿಂದೆ ಹೃದಯ ಶ್ವಾಸಕೋಶ ಇರುವ ಜಾಗ ಕೃಷ್ಣಮೃಗದಲ್ಲಿ ಒಂದು ಸಣ್ಣ ತಟ್ಟೆಯಷ್ಟು. ಉಳಿದೆಡೆ ಬಿದ್ದ ಗುಂಡು ಸಾಯಿಸುವುದಿಲ್ಲ ಎಂದಲ್ಲ. ಸಾಯಿಸಲು ಎರಡು ದಿನ ತೆಗೆದುಕೊಳ್ಳುತ್ತದೆ, ಅಷ್ಟೇ.

ಅದಕ್ಕೇ ದಾದಾರದು ನಲವತ್ತು ಹೆಜ್ಜೆಯ ಕಟ್ಟು. ನಲವತ್ತೊಂದನೇ ಹೆಜ್ಜೆಯಲ್ಲಿ ಎಂಥ ಕೊಂಬಿನ ಗಂಡು ನಿಂತಿದ್ದರೂ ಬಂದೂಕು ಏಳುತ್ತಿರಲಿಲ್ಲ. ಈ ಲೆಕ್ಕವನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಪ್ರತಿ ಹೊಸ ಪೆಟ್ಟಿಗೆ ತೋಟಾ ಬಂದಾಗ ತೋಟದ ಬದುವಿಗೆ ಕಾಗದ ಅಂಟಿಸಿ, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಹೆಜ್ಜೆಯಿಂದ ಒಂದೊಂದು ಈಡು ಹೊಡೆದು ತೂತು ಎಣಿಸುತ್ತಿದ್ದರು. ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ ಒಂದು ಥರ ಹರಡಿದರೆ ಇಂಗ್ಲೆಂಡಿನ ಎಲಿ ತೋಟಾ ಇನ್ನೊಂದು ಥರ. ಒಂದೇ ಹೆಸರಿನ ತೋಟಾ ಕೂಡ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಕಾಗದದ ತೋಟಾ ಮಳೆಗಾಲದ ತೇವಕ್ಕೆ ಊದಿಕೊಂಡು ನಳಿಗೆಯೊಳಗೆ ಕೂರುತ್ತಲೇ ಇರಲಿಲ್ಲ. ಅಕ್ಕಿ ಡಬ್ಬದಲ್ಲಿ ಹುಗಿದಿಡುತ್ತಿದ್ದರಂತೆ.

ಈ ಕಾಗದದ ವಿಷಯದಲ್ಲೊಂದು ತಮಾಷೆಯಿದೆ. ಮನೆಗೆ ಬರುತ್ತಿದ್ದ ಉರ್ದು ಪತ್ರಿಕೆಯ ಹಾಳೆಗೆ ದಾದಾ ಗುಂಡು ಹೊಡೆಯುತ್ತಿರಲಿಲ್ಲ. ಎಲ್ಲಿ ಯಾವ ಮೂಲೆಯಲ್ಲಿ ಅಲ್ಲಾಹನ ಹೆಸರಿರುತ್ತದೋ! ಹಾಗಾಗಿ ಪಕ್ಕದ ತೋಟದ ಗೌಡರ ಮನೆಯಿಂದ ಕನ್ನಡ ಪತ್ರಿಕೆ ತರಿಸಿದರು. ಗೌಡರು ಒಂದು ದಿನ ಬಂದು ನೋಡಿ, “ಸಾಬ್ರೇ, ನಮ್ ದೇವ್ರ ಹೆಸರಿಗೆ ಹೊಡಿಬೌದಾ?” ಎಂದರು. ದಾದಾ ತೋಬಾ ತೋಬಾ ಎಂದು ಕೆನ್ನೆ ಬಡಿದುಕೊಂಡು, ಅಂದಿನಿಂದ ಅಂಗಡಿಯ ಕಂದು ಪ್ಯಾಕಿಂಗ್ ಕಾಗದಕ್ಕೆ ಬದಲಾದರು. ಗೌಡರು ಕೊಟ್ಟ ಪತ್ರಿಕೆಗಳು ಮನೆಯಲ್ಲೇ ಉಳಿದವು. ಉರ್ದು ಶಾಲೆಗೆ ಹೋಗುತ್ತಿದ್ದ ಅಬ್ಬಾ ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಹಾಳೆಗಳಿಂದ.

ಜಿಂಕೆ ಬೇಟೆಗೆ ಹೋಗುತ್ತಿದ್ದದ್ದು ಮಧುಗಿರಿ ತಾಲ್ಲೂಕಿನ ಮೇಲ್ತುದಿಗೆ, ಜಯಮಂಗಲಿ ನದಿಯ ಕಡೆಯ ಬಯಲಿಗೆ. ಯಲಹಂಕದಲ್ಲಿ ಮೀಟರ್ ಗೇಜ್ ರೈಲು ಹತ್ತಿ ಹಿಂದೂಪುರದಲ್ಲಿ ಇಳಿದರೆ ಗೆಳೆಯರೊಬ್ಬರ ಎತ್ತಿನ ಗಾಡಿ ಕಾದಿರುತ್ತಿತ್ತು. ಆಗ ಅರಣ್ಯ ಇಲಾಖೆಯಿಂದ ಪರವಾನಗಿ ಪಡೆದು ಬೇಟೆಯಾಡುವ ಕಾಲ. (ಜಿಂಕೆ ಎನ್ನುತ್ತೇವೆ. ಆದರೆ ಕೃಷ್ಣಮೃಗ ಚುಕ್ಕೆ ಜಿಂಕೆಯ ಜಾತಿಯದಲ್ಲ. ಅದರ ಕೊಂಬು ಉದುರಿ ಹೊಸದಾಗಿ ಹುಟ್ಟುವುದಿಲ್ಲ. ನಮ್ಮವರಿಗೆ ಎರಡೂ ‘ಹಿರನ್’ ತಾನೇ.) ಬಟ್ಟಬಯಲಿನಲ್ಲಿ ಕೃಷ್ಣಮೃಗದ ಹತ್ತಿರ ನಲವತ್ತು ಹೆಜ್ಜೆಗೆ ಹೋಗುವುದು ನಡೆದುಕೊಂಡಾದರೆ ಆಗದ ಮಾತು. ಆದರೆ ಹೊಲದ ನಡುವೆ ಓಡಾಡುವ ಎತ್ತಿನ ಗಾಡಿಗೆ ಅವು ಹೆದರುವುದಿಲ್ಲ. ಗಾಡಿಯ ಮರೆಯಲ್ಲಿ ನಡೆಯುತ್ತಾ, ಹಿಂಡಿನ ಸುತ್ತ ದೊಡ್ಡ ಸುತ್ತು, ಆಮೇಲೆ ಸಣ್ಣ ಸುತ್ತು, ಹೀಗೆ ಎರಡು ಮೂರು ತಾಸು. ಎಷ್ಟೋ ಸಲ ಕೊನೆಯ ಸುತ್ತಿಗೆ ಮೊದಲೇ ಹಿಂಡು ಚಿಮ್ಮಿ ಹೋಗುತ್ತಿತ್ತು. ಬರಿಗೈಯಲ್ಲಿ ರೈಲು ಹತ್ತಿದ ದಿನಗಳೇ ಜಾಸ್ತಿ ಎಂದು ಅಬ್ಬಾ ಹೇಳುತ್ತಿದ್ದರು.

ಗಾಡಿಯ ಹಿಂದೆ ಇನ್ನೊಬ್ಬರು ನಡೆಯಬೇಕಿತ್ತು, ಬಿಚ್ಚಿದ ಚಾಕು ಹಿಡಿದು. ಹತ್ತು ಹನ್ನೊಂದು ವಯಸ್ಸಿನಿಂದ ಆ ಕೆಲಸ ಅಬ್ಬಾರದು. ದಾದಾ ಬಿಸ್ಮಿಲ್ಲಾಹ್ ಹೇಳಿ ಟ್ರಿಗರ್ ಒತ್ತಿದ ಕೂಡಲೇ ಅವರು ಓಡಬೇಕು. ಉಸಿರು ಹೋಗುವ ಮುಂಚೆ ಮುಟ್ಟಿ ಜಿಬಾಹ್ ಮಾಡಬೇಕು. ತಡವಾದರೆ ಅಷ್ಟೂ ಮಾಂಸ ನಮಗೆ ಇಲ್ಲ.

ಇಲ್ಲಿ ಸ್ವಲ್ಪ ಫಿಕ್ಹ್ ಮಾತು ಬರುತ್ತದೆ. ಬೇಟೆ ನಮಗೆ ನಿಷಿದ್ಧವಲ್ಲ. ಅಲ್ ಮಾಇದಾ ಅಧ್ಯಾಯದಲ್ಲಿ ಅದರ ನಿಯಮಗಳಿವೆ, ಇಹ್ರಾಮಿನಲ್ಲಿರುವಾಗ ಅದರ ನಿಷೇಧವೂ ಇದೆ. ಅದೇ ಅಧ್ಯಾಯ ಪೆಟ್ಟು ತಿಂದು ಸತ್ತ ಪ್ರಾಣಿಯನ್ನು ತಿನ್ನಬಾರದು ಎನ್ನುತ್ತದೆ. ಬಾಣದ ವಿಷಯದಲ್ಲಿ ಅದೀ ಬಿನ್ ಹಾತಿಮ್ ಅವರು ಕೇಳಿದ ಪ್ರಶ್ನೆಗೆ ಪ್ರವಾದಿಯವರು ಕೊಟ್ಟ ಉತ್ತರ ಬುಖಾರಿಯಲ್ಲಿದೆ. ಬಾಣದ ಮೊನೆ ಚುಚ್ಚಿ ಸತ್ತರೆ ತಿನ್ನಬಹುದು, ಅದು ಅಡ್ಡಡ್ಡ ಬಡಿದು ಸತ್ತರೆ ಕೂಡದು ಎಂಬುದು ಅದರ ತಾತ್ಪರ್ಯ. ಹಾಗಾದರೆ ಬಂದೂಕಿನ ಗುಂಡು ಚುಚ್ಚುತ್ತದೋ ಬಡಿಯುತ್ತದೋ? ಇನ್ನೂರು ವರ್ಷಗಳ ಹಿಂದೆ ವಿದ್ವಾಂಸರು ಇದರ ಮೇಲೆ ತಲೆ ಕೆಡಿಸಿಕೊಂಡರು. ದಮಾಸ್ಕಸ್ಸಿನ ಹನಫೀ ವಿದ್ವಾಂಸ ಇಬ್ನ್ ಆಬಿದೀನ್, ಸೀಸದ ಗುಂಡಿಗೆ ಅಲಗಿಲ್ಲ, ಅದು ವೇಗದಿಂದಲೂ ಸುಡುವುದರಿಂದಲೂ ಕೊಲ್ಲುತ್ತದೆ, ಆದ್ದರಿಂದ ಹಲಾಲ್ ಅಲ್ಲ ಎಂದರು. ಅವರ ಕಾಲದವರೇ ಆದ ಯೆಮೆನ್‌ನ ಶೌಕಾನಿ, ಗುಂಡು ಚರ್ಮ ತೂರಿಕೊಂಡು ಹೋಗುತ್ತದಲ್ಲ, ಆದ್ದರಿಂದ ಸಲ್ಲುತ್ತದೆ ಎಂದರು. ನಮ್ಮ ದಾದಾ ಹನಫೀ. ಅವರ ಮಸೀದಿಯ ಮೌಲಾನಾ ಹೇಳಿದ್ದು ಒಂದೇ ಮಾತು: ಗುಂಡು ಕೆಡವಲಿ, ಚಾಕು ಕೊಲ್ಲಲಿ.

ಈ ಒಂದು ಮಾತಿನಿಂದ ಗುರಿಯ ಲೆಕ್ಕವೇ ಬೇರೆಯಾಗಿಬಿಡುತ್ತದೆ. ಬೇರೆಯವರಿಗೆ ಪ್ರಾಣಿ ಸತ್ತು ಬಿದ್ದರೆ ಸರಿ. ದಾದಾರಿಗೆ ಅದು ಬೀಳಬೇಕು, ಆದರೆ ಬಿದ್ದ ಕೂಡಲೇ ಸಾಯಬಾರದು, ಏಳಲೂಬಾರದು. ಹುಡುಗನೊಬ್ಬ ಓಡಿ ಮುಟ್ಟುವಷ್ಟು ಹತ್ತಿರದಲ್ಲಿರಬೇಕು. ನಲವತ್ತು ಹೆಜ್ಜೆ ಎನ್ನುವುದು ಎಲ್‌ಜಿಯ ಅಳತೆ ಎಷ್ಟೋ ಅಬ್ಬಾರ ಕಾಲಿನ ಅಳತೆಯೂ ಅಷ್ಟೇ ಆಗಿತ್ತು.

1967ರಲ್ಲಿ ದಾದಾರ ತಮ್ಮ, ನಮಗೆ ಛೋಟೆ ದಾದಾ, .315 ರೈಫಲ್ ಕೊಂಡರು. ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಅವರಿಗೆ ಒಳ್ಳೆಯ ಸಂಬಳ. .303 ಸೇನೆಯ ಅಳತೆಯೆಂದು ನಾಗರಿಕರಿಗೆ ಕೊಡುತ್ತಿರಲಿಲ್ಲ, ಇಂದಿಗೂ ಅದು ನಿಷೇಧಿತ ಬೋರು. ಸರ್ಕಾರಿ ಕಾರ್ಖಾನೆಯ .315ನ್ನು ಶಿಕಾರಿಗಳು ಕೊಳ್ಳುತ್ತಿದ್ದರು. ಬಂದೂಕಿನ ನಳಿಗೆ ಒಳಗೆ ನುಣುಪು. ರೈಫಲಿನ ನಳಿಗೆಯಲ್ಲಿ ಸುರುಳಿ ಗೆರೆಗಳಿದ್ದು ಗುಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ಛೋಟೆ ದಾದಾ ಹೆಸರಘಟ್ಟದ ಕಡೆಯ ದಿಬ್ಬದ ಹತ್ತಿರ ನೂರು ಗಜಕ್ಕೆ ಮಡಕೆ ಇಟ್ಟು ಒಡೆದು ತೋರಿಸಿದರಂತೆ. ಎತ್ತಿನ ಗಾಡಿಯ ಜೊತೆ ಮೂರು ತಾಸು ಸುತ್ತುವ ಅಣ್ಣನನ್ನು ನೋಡಿ ಅವರಿಗೆ ನಗು.

ರೈಫಲಿಗೆ ಎರಡು ಬಗೆಯ ತೋಟಾ ಸಿಕ್ಕಿದ್ದವು. ಒಂದರಲ್ಲಿ ಗುಂಡಿನ ಮೂಗಿನಲ್ಲಿ ಸೀಸ ಹೊರಗೆ ಕಾಣುತ್ತದೆ, ಮೆತ್ತನೆ ಮೂತಿಯದು. ಒಳಹೊಕ್ಕ ಕೂಡಲೇ ಅಣಬೆಯಂತೆ ಅರಳಿ ದೊಡ್ಡ ಗಾಯ ಮಾಡುತ್ತದೆ. ಇನ್ನೊಂದು ಇಡೀ ಲೋಹದ ಹೊದಿಕೆಯದು, ಸೂಜಿಯಂತೆ ತೂರಿ ಆಚೆ ಬರುತ್ತದೆ. ಅರಳುವ ಗುಂಡಿಗೆ ‘ದಮ್ ದಮ್’ ಎಂಬ ಹೆಸರು ಬಂದದ್ದು ಕಲ್ಕತ್ತದ ಬಳಿಯ ದಮ್ ದಮ್ ಕಾರ್ಖಾನೆಯಿಂದ. ಮನುಷ್ಯರ ಮೇಲೆ ಅದನ್ನು ಬಳಸುವುದು ಕ್ರೂರ ಎಂದು 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ನಿಷೇಧಿಸಿತು. ಜಿಂಕೆಯ ವಿಷಯದಲ್ಲಿ ನ್ಯಾಯ ತಿರುಗುಮುರುಗು. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆ ರೈಫಲಿನಲ್ಲಿ ಅರಳುವ ಗುಂಡನ್ನೇ ಹಾಕಬೇಕು ಎನ್ನುತ್ತದೆ. ಸೂಜಿಯಂತೆ ತೂರಿದ ಗುಂಡಿನಿಂದ ಪ್ರಾಣಿ ಬೇಗ ಬೀಳುವುದಿಲ್ಲ, ನರಳುತ್ತಾ ಓಡುತ್ತದೆ. ಸೈನಿಕನಿಗೆ ಕರುಣೆಯಾದದ್ದು ಜಿಂಕೆಗೆ ಕ್ರೌರ್ಯ.

ಛೋಟೆ ದಾದಾ ಆರಿಸಿಕೊಂಡದ್ದು ಹೊದಿಕೆಯ ಗುಂಡು. ಮಾಂಸ ಹಾಳಾಗುವುದಿಲ್ಲ, ಚರ್ಮದಲ್ಲಿ ಸಣ್ಣ ತೂತು ಮಾತ್ರ, ತಿವಾಸಿಯಂತೆ ಹಾಸಬಹುದು ಎಂಬುದು ಅವರ ವಾದ.

1968ರ ಜನವರಿ. ಅಬ್ಬಾರಿಗೆ ಹದಿನಾಲ್ಕು. ಬೆಳಿಗ್ಗೆ ಗಾಡಿ ಇನ್ನೂ ದೊಡ್ಡ ಸುತ್ತಿನಲ್ಲಿತ್ತು. ಒಂಟಿ ಗಂಡು, ಕಪ್ಪಗೆ ಮಿಂಚುವ ಬೆನ್ನು, ಇನ್ನೂರು ಗಜ ಇರಬಹುದು. ಛೋಟೆ ದಾದಾ ಗಾಡಿಯ ಚಕ್ರಕ್ಕೆ ರೈಫಲಿನ ನಳಿಗೆಯನ್ನೇ ಒರಗಿಸಿ ಕೂತರು. ದಾದಾ ಬೇಡವೆಂದು ಕೈ ಮಾಡುವಷ್ಟರಲ್ಲಿ ಈಡು ಹೊರಟಿತ್ತು.

ತಪ್ಪು ಒಂದಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ, ಈಗ ತರಬೇತಿ ಮುಗಿಸಿದ ಮೇಲೆ ನಮಗೆ ಒಂದೊಂದಾಗಿ ಕಾಣುತ್ತದೆ. ನಳಿಗೆಯನ್ನು ಗಟ್ಟಿ ವಸ್ತುವಿಗೆ ಒರಗಿಸಿದರೆ ಅದು ಅದುರಿ ಗುಂಡು ಬೇರೆ ಕಡೆ ಹೋಗುತ್ತದೆ. ಒರಗಿಸಬೇಕಾದದ್ದು ಮುಂದಿನ ಮರದ ಭಾಗವನ್ನು, ಅದೂ ಚೀಲ, ಟೋಪಿ, ಅಂಗೈ, ಏನಾದರೂ ಮೆತ್ತನೆಯದರ ಮೇಲೆ. ಎರಡನೆಯದು, ನೂರು ಗಜಕ್ಕೆ ಕೂರಿಸಿದ .315 ಇನ್ನೂರು ಗಜಕ್ಕೆ ಒಂದಡಿಯ ಹತ್ತಿರ ಕೆಳಗಿಳಿಯುತ್ತದೆ. ಅದು ಭಾರದ, ನಿಧಾನದ ಗುಂಡು. ಬೆನ್ನಿಗೆ ಗುರಿ ಹಿಡಿದರೆ ಹೊಟ್ಟೆಗೆ ಬೀಳುತ್ತದೆ. ಮೂರನೆಯದು, ಹಿಂದಿನ ರಾತ್ರಿ ನಳಿಗೆಗೆ ಧಾರಾಳವಾಗಿ ಎಣ್ಣೆ ಹಾಕಿದ್ದರು. ಎಣ್ಣೆಯಾಡಿದ ತಣ್ಣನೆ ನಳಿಗೆಯ ಮೊದಲ ಗುಂಡು ಉಳಿದವುಗಳ ಜೊತೆ ಬೀಳುವುದಿಲ್ಲ, ಒಣಬಟ್ಟೆ ಹಾಕಿ ಒರೆಸಬೇಕು. ಮಡಕೆ ಒಡೆದದ್ದು ನಾಲ್ಕನೇ ಐದನೇ ಗುಂಡು ಎಂಬುದನ್ನು ಯಾರೂ ಎಣಿಸಿರಲಿಲ್ಲ.

ಗಂಡು ಬೀಳಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿ, ಒಂದು ನೆಗೆತ ನೆಗೆದು, ನಿಧಾನವಾಗಿ ನಡೆಯತೊಡಗಿತು. ಅಬ್ಬಾ ಎಂದಿನಂತೆ ಓಡಿದರು. ಅದೇ ಕೊನೆಯ ತಪ್ಪು. ಹೊಟ್ಟೆಗೆ ಪೆಟ್ಟು ಬಿದ್ದ ಪ್ರಾಣಿಯನ್ನು ಕೂಡಲೇ ಅಟ್ಟಬಾರದು. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ, ಅಟ್ಟಿದರೆ ಪ್ರಾಣವಿರುವವರೆಗೆ ಓಡುತ್ತದೆ. ನಲವತ್ತು ಹೆಜ್ಜೆಯಲ್ಲಿ ಅಬ್ಬಾರ ಓಟ ಪ್ರಾಣಿಗೆ ನೋವು ಮುಗಿಸುತ್ತಿತ್ತು, ಇನ್ನೂರು ಗಜದಲ್ಲಿ ಅದೇ ಓಟ ನೋವನ್ನು ದಿನವಿಡೀ ಎಳೆಯಿತು. ರಕ್ತ ಹೆಚ್ಚಿರಲಿಲ್ಲ. ಅಲ್ಲೊಂದು ಹನಿ, ಇಲ್ಲೊಂದು ಹನಿ, ಅದರಲ್ಲಿ ಅರೆಜೀರ್ಣವಾದ ಹುಲ್ಲಿನ ಹಸಿರು. ಮಗ್ರಿಬ್ ಹೊತ್ತಿಗೆ ಕಣ್ಣು ಕಾಣದಾಯಿತು. ಮರುದಿನ ಬೆಳಿಗ್ಗೆ ಕುಂಟೆಯೊಂದರ ನೀರಿನಲ್ಲಿ ಅರ್ಧ ಮುಳುಗಿಕೊಂಡು ಸಿಕ್ಕಿತು. ಗುಂಡಿಗೆ ಸತ್ತಿತೋ ನೀರಿಗೆ ಸತ್ತಿತೋ ತಿಳಿಯದ ಬೇಟೆಯನ್ನು ತಿನ್ನಬಾರದು ಎಂಬುದೂ ಅದೇ ಅದೀಯವರ ಹದೀಸಿನಲ್ಲಿದೆ. ಹಲಾಲಿನ ಪ್ರಶ್ನೆಯೇ ಉಳಿಯಲಿಲ್ಲ.

ಅಬ್ಬಾ ಆ ಚಾಕುವನ್ನು ಒರೆಗೆ ಹಾಕದೆ ಹಿಡಿದುಕೊಂಡೇ ನಿಂತಿದ್ದರಂತೆ. ದಾದಾ ತಮ್ಮನಿಗೆ ಬಯ್ಯಲಿಲ್ಲ. “ದೂರ್ ಸೆ ಮಾರೆ ಸೋ ಕಿಸ್ಕಾ ಹೈ?” ಎಂದಷ್ಟೇ ಕೇಳಿದರಂತೆ. ದೂರದಿಂದ ಹೊಡೆದದ್ದು ಯಾರಿಗೆ ಸೇರಿದ್ದು? ಛೋಟೆ ದಾದಾ ಉತ್ತರ ಕೊಡಲಿಲ್ಲ, ಚರ್ಮವನ್ನೂ ಕೇಳಲಿಲ್ಲ. ಕುಂಟೆಯಿಂದ ಎಳೆದು ಬಯಲಿಗೆ ಹಾಕಿದರು. ರಣಹದ್ದುಗಳಿಗೆ ಆಗ ಬರವಿರಲಿಲ್ಲ. (ಸೀಸದ ಗುಂಡಿನ ಚೂರುಗಳು ಮಾಂಸದಲ್ಲಿ ಉಳಿದು ಅದನ್ನು ತಿಂದ ಹದ್ದುಗಳಿಗೆ ವಿಷವಾಗುತ್ತವೆಂದು ಈಗ ಗೊತ್ತಾಗಿದೆ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ, ಡೆನ್ಮಾರ್ಕ್ 2024ರಲ್ಲಿ ರೈಫಲಿನ ಸೀಸದ ಗುಂಡನ್ನೂ ನಿಲ್ಲಿಸಿತು. ನಮ್ಮಲ್ಲಿ ಹದ್ದುಗಳು ಹೋದದ್ದು ಬೇರೆ ಕಾರಣಕ್ಕೆ, ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧದಿಂದ.)

ದಾದಾ ಆಮೇಲೆ ಜಿಂಕೆಗೆ ಹೋಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಬೆಂಗಳೂರಿನ ಶಿಕಾರಿಗಳು ಗೊಣಗಿದರಂತೆ, ಅವರಿಗೆ ಗೊಣಗಲು ಏನೂ ಇರಲಿಲ್ಲ. ಇಂದು ಕೃಷ್ಣಮೃಗಕ್ಕೆ ಗುಂಡು ಹೊಡೆದರೆ ಮೂರರಿಂದ ಏಳು ವರ್ಷ ಜೈಲು. ಅದು ಸರಿಯೇ ಇದೆ. ನಮ್ಮ ಸಮುದಾಯದ ಕೆಲವು ಗೆಳೆಯರು ಹಲಾಲಾದದ್ದನ್ನು ಸರ್ಕಾರ ಹೇಗೆ ತಡೆಯುತ್ತದೆ ಎಂದು ವಾದ ಮಾಡುವುದನ್ನು ಕೇಳಿದ್ದೇವೆ. ಹಲಾಲ್ ಎಂದರೆ ಮಾಡಲೇಬೇಕು ಎಂದಲ್ಲವಲ್ಲ. ಇಹ್ರಾಮಿನ ಬಟ್ಟೆ ಉಟ್ಟವನಿಗೆ ಕೆಲವು ದಿನ ಬೇಟೆ ನಿಂತಂತೆ ಒಂದು ದೇಶಕ್ಕೇ ನಿಂತಿತು ಎಂದುಕೊಂಡರೆ ಆಯಿತು.

ಬಂದೂಕು ಮಾತ್ರ ಮನೆಯಲ್ಲಿ ಉಳಿಯಿತು. ದಾದಾರ ನಂತರ ಲೈಸೆನ್ಸ್ ಅಬ್ಬಾರ ಹೆಸರಿಗಾಯಿತು. ತೊಂಬತ್ತರ ಹೊತ್ತಿಗೆ ದ್ರಾಕ್ಷಿ ತೋಟ ಲೇಔಟಾಯಿತು, ಬಾವಲಿಗಳೂ ಹೋದವು, ನಾವು ಆರ್.ಟಿ. ನಗರಕ್ಕೆ ಬಂದೆವು. ಮುಸ್ಲಿಮರ ಮನೆಯ ಬೀರುವಿನಲ್ಲಿ ಲೈಸೆನ್ಸ್ ಇದ್ದರೂ ಬಂದೂಕು ಬಂದೂಕೇ. ಅದು 1994ರ ಅಕ್ಟೋಬರಿನಲ್ಲಿ ನಮಗೆ ತಿಳಿಯಿತು. ದೂರದರ್ಶನದಲ್ಲಿ ಉರ್ದು ವಾರ್ತೆ ಶುರುವಾದದ್ದಕ್ಕೆ ಬೆಂಗಳೂರು ಹೊತ್ತಿಕೊಂಡ ದಿನಗಳು. ನಮಗಾಗ ಹದಿಮೂರು, ಉರ್ದು ಶಾಲೆಯ ಚೀಲವನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದೆವು. ರಾತ್ರಿ ಗಲ್ಲಿಯ ಮೂರ್ನಾಲ್ಕು ಹುಡುಗರು ಬಾಗಿಲು ತಟ್ಟಿ, “ಚಾಚಾ, ಬಂದೂಕ್ ಹೈನಾ, ನಿಕಾಲೊ” ಎಂದರು. ಅಬ್ಬಾ ರಿಪೇರಿಗೆ ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿದರು. ಅವರು ಹೋದ ಮೇಲೆ ದೀಪ ಆರಿಸಿ, ನಳಿಗೆ, ಹಿಡಿ, ಮುಂಗಟ್ಟಿಗೆ ಮೂರನ್ನೂ ಬಿಚ್ಚಿ ಮೂರು ಕಡೆ ಇಟ್ಟರು. ಮೇಣದ ಬತ್ತಿಯ ಬೆಳಕಿನಲ್ಲಿ ತೋಟಾ ಎಣಿಸಿದರು. ಹನ್ನೊಂದು. ಅಮ್ಮೀ, ಅವರು ನುಗ್ಗಿ ಬಂದರೆ ಏನು ಮಾಡುತ್ತೀರಿ ಎಂದು ಅತ್ತರು. ಅಬ್ಬಾ ಬಹಳ ಹೊತ್ತು ಸುಮ್ಮನಿದ್ದು, “ನಲವತ್ತು ಹೆಜ್ಜೆಯಲ್ಲಿ ಎಲ್‌ಜಿ ನಾಲ್ಕು ಅಡಿ ಹರಡುತ್ತೆ. ಈ ಗಲ್ಲಿ ಇರೋದೇ ಹತ್ತು ಅಡಿ” ಎಂದರು. ಆ ಹೊತ್ತಿನಲ್ಲೂ ಅವರು ಲೆಕ್ಕ ಹಾಕಿದ್ದು ತೋಟಾದ ಹರಡು. ಯಾರಿಗೆ ಬೀಳುತ್ತದೆ ಎಂದು ಹೇಳಲಾಗದ ಈಡನ್ನು ಹಾರಿಸುವ ಪೈಕಿ ಅವರಲ್ಲ. ಕರ್ಫ್ಯೂ ಸಡಿಲಿಸಿದ ದಿನ ತಾವೇ ಹೋಗಿ ಠಾಣೆಯಲ್ಲಿಟ್ಟು ರಸೀದಿ ತಂದರು. ಆರು ತಿಂಗಳು ಬಿಡಿಸಿಕೊಳ್ಳಲಿಲ್ಲ.

2023ಕ್ಕೆ ಬರೋಣ. ಬಂದೂಕನ್ನು ಒಪ್ಪಿಸಿ, ತಡವಾದದ್ದಕ್ಕೆ ಒಂದಿಷ್ಟು ಮಾತು ಕೇಳಿಸಿಕೊಂಡು ಬಂದೆವು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. 2016ರ ಆಯುಧ ನಿಯಮಗಳ ಪ್ರಕಾರ ಅದಕ್ಕೆ ಸುರಕ್ಷತಾ ತರಬೇತಿಯ ಪತ್ರ ಬೇಕು. ಕಥೆ ಬರೆಯುವವರಿಗೆ ಇದೊಂದು ಅನುಭವ ಎಂದುಕೊಂಡು ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸೇರಿದೆವು.

ಶಿಬಿರದ ಉಸ್ತಾದರು ನಿವೃತ್ತಿಯ ಅಂಚಿನಲ್ಲಿದ್ದ ಹವಾಲ್ದಾರರು. ಮೊದಲ ದಿನ .22 ರೈಫಲಿನಿಂದ ನಮ್ಮ ಐದು ಗುಂಡು ಐದು ದಿಕ್ಕಿಗೆ. ನಡುವೆ ಬಿದ್ದ ಒಂದನ್ನು ತೋರಿಸಿ ನಾವು ಹಿಗ್ಗಿದೆವು. ಅವರು ಆ ಒಂದನ್ನೇ ಬೆರಳಿನಿಂದ ಮುಚ್ಚಿ, “ಇದು ನಿಮ್ಮದಲ್ಲ ಸಾರ್, ಅದೃಷ್ಟದ್ದು” ಎಂದರು. ಮೊದಲು ಐದೂ ಒಂದೇ ಕಡೆ ಬೀಳಲಿ, ಮೂಲೆಯಲ್ಲಾದರೂ ಸರಿ. ಗುಂಪು ಕೂಡಿದ ಮೇಲೆ ಅದನ್ನು ನಡುವಿಗೆ ತರುವುದು ಸೈಟಿನ ಸ್ಕ್ರೂ ತಿರುಗಿಸುವ ಕೆಲಸ, ಐದು ನಿಮಿಷದ್ದು. ಗುಂಪೇ ಕೂಡದವನು ಸ್ಕ್ರೂ ತಿರುಗಿಸುತ್ತಾ ಹೋದರೆ ಆಯುಷ್ಯ ಮುಗಿಯುತ್ತದೆ. ಗುಂಪು ಕೂಡಬೇಕಾದರೆ ಪ್ರತಿ ಸಲ ಕೆನ್ನೆ ಹಿಡಿಯ ಅದೇ ಜಾಗಕ್ಕೆ ತಾಗಬೇಕು, ಉಸಿರನ್ನು ಅರ್ಧ ಬಿಟ್ಟು ತಡೆಯಬೇಕು, ತಡೆದದ್ದು ಏಳೆಂಟು ಸೆಕೆಂಡು ಮೀರಿದರೆ ಕಣ್ಣು ಮಂಜಾಗುತ್ತದೆ, ಬಿಟ್ಟು ಮತ್ತೆ ಶುರು ಮಾಡಬೇಕು. ಕಣ್ಣು ಗುರಿಯ ಮೇಲಲ್ಲ, ನಳಿಗೆಯ ತುದಿಯ ಮಖ್ಖಿಯ ಮೇಲೆ ನೆಡಬೇಕು. ಗುರಿ ಸ್ವಲ್ಪ ಮಸುಕಾದರೆ ಚಿಂತೆಯಿಲ್ಲ. ಟ್ರಿಗರನ್ನು ಎಳೆಯಬಾರದು, ನಿಂಬೆಹಣ್ಣು ಹಿಂಡಿದಂತೆ ಒತ್ತುತ್ತಾ ಹೋಗಬೇಕು. ಯಾವಾಗ ಸಿಡಿಯಿತೆಂದು ನಮಗೇ ಆಶ್ಚರ್ಯವಾಗಬೇಕು. ಮತ್ತು ತೋಟಾ ಒಂದೇ ತಯಾರಿಕೆಯದು, ಒಂದೇ ಲಾಟಿನದು ಇರಬೇಕು. ಲಾಟು ಬದಲಾದರೆ ಮತ್ತೆ ಮೊದಲಿನಿಂದ. ಕಂದು ಕಾಗದಕ್ಕೆ ಹೊಡೆದು ತೂತು ಎಣಿಸುತ್ತಿದ್ದ ದಾದಾ ನೆನಪಾದರು.

ಉರ್ದುವಿನಲ್ಲಿ ಗುರಿ ಹಿಡಿಯುವುದಕ್ಕೆ ‘ಶಿಸ್ತ್ ಬಾಂಧ್‌ನಾ’ ಎನ್ನುತ್ತಾರೆ. ಕನ್ನಡದ ಶಿಸ್ತು ಅದರ ನೆಂಟನೋ ಅಲ್ಲವೋ, ಆ ಹತ್ತು ದಿನ ನಮಗೆ ಎರಡೂ ಒಂದೇ ಆಗಿ ಕೇಳಿಸಿದವು. ಕೊನೆಯ ದಿನ ನಮ್ಮ ಐದು ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿದ್ದದ್ದು ಟೀ ಸಾಸರಿನಷ್ಟರಲ್ಲಿ.

ಮನೆಯ ಹನ್ನೊಂದು ತೋಟಾಗಳ ವಿಷಯ ಹೇಳಿದಾಗ ಉಸ್ತಾದರ ಮುಖ ಗಂಭೀರವಾಯಿತು. ಐವತ್ತು ವರ್ಷ ಹಳೆಯದನ್ನು ಹಾರಿಸುವ ಯೋಚನೆಯೇ ಬೇಡ ಎಂದರು. ಹಳೆಯ ತೋಟಾ ಟ್ರಿಗರ್ ಒತ್ತಿದಾಗ ಸಿಡಿಯದೆ, ತೆಗೆದು ನೋಡೋಣವೆಂದು ಬಂದೂಕು ಮಡಿಚುವಾಗ ಸಿಡಿಯಬಹುದು. ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು.

ಆ ವರ್ಷದ ಡಿಸೆಂಬರಿನಲ್ಲಿ ಮಗನನ್ನು ಕರೆದುಕೊಂಡು ಮೈದೇನಹಳ್ಳಿಗೆ ಹೋದೆವು. ದಾದಾರ ಗಾಡಿ ಸುತ್ತುತ್ತಿದ್ದ ಆ ಕಡೆಯ ಬಯಲಿನಲ್ಲೇ 798 ಎಕರೆಯನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಹಿಂಡು ದೂರದಲ್ಲಿ ಮೇಯುತ್ತಿತ್ತು, ಒಂದು ಕಪ್ಪು ಗಂಡು ಕತ್ತೆತ್ತಿ ನಮ್ಮತ್ತ ನೋಡುತ್ತಿತ್ತು. ಮಗ ಮೊಬೈಲಿನಲ್ಲಿ ಹಿಡಿಯಲು ನೋಡಿದ. ಚುಕ್ಕೆಯಷ್ಟು ಬಂತು. “ಎಷ್ಟು ದೂರ ಇರಬಹುದು ಅಬ್ಬಾ?” ಎಂದ. ಇನ್ನೂರು ಗಜ ಎಂದೆವು. ಅವನು ಇನ್ನಷ್ಟು ಹತ್ತಿರ ಹೋಗೋಣವೆಂದು ಹೆಜ್ಜೆ ಎಣಿಸುತ್ತಾ ನಡೆದ. ಮೂವತ್ತನೇ ಹೆಜ್ಜೆಗೆ ಹಿಂಡು ಗಾಳಿಯಲ್ಲಿ ನೆಗೆದು ಮಾಯವಾಯಿತು.

ಲೈಸೆನ್ಸಿಗೆ ಅರ್ಜಿ ಹಾಕಲಿಲ್ಲ. ಅಮ್ಮೀ ಬೇಡ ಎಂದರು, ನಮಗೂ ಬೇಕೆನಿಸಲಿಲ್ಲ. ಕಾಗದಪತ್ರ ಮುಗಿಸಿ ಬಂದೂಕನ್ನು ಲೈಸೆನ್ಸ್ ಇರುವ ವ್ಯಾಪಾರಿಗೆ ಕೊಟ್ಟೆವು. ಅಂಗಡಿಯ ಗುಮಾಸ್ತ ಡಬ್ಬ ತೆರೆದು ಪುಸ್ತಕದಲ್ಲಿ ಬರೆದುಕೊಂಡ: ಎಲ್‌ಜಿ ಏಳು, ಆರನೇ ನಂಬರು ಮೂರು, ಬಾಲ್ ಒಂದು. ಬಿಸ್ಕತ್ತಿನ ಡಬ್ಬವನ್ನು ವಾಪಸು ಕೊಟ್ಟ. ಚಾಕುವನ್ನು ತಿರುಗಿಸಿ ನೋಡಿ, “ಇದು ನಮ್ಮ ಲೆಕ್ಕಕ್ಕೆ ಬರಲ್ಲ ಸಾರ್” ಎಂದ. ಅದು ಈಗ ಅಡಿಗೆಮನೆಯ ಮೇಲಿನ ಹಲಗೆಯಲ್ಲಿದೆ. ಬಕ್ರೀದಿಗೆ ಎರಡು ದಿನ ಮುಂಚೆ ಸಾಣೆ ಹಿಡಿಸಲು ಮಗನ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ.